ಅಣ್ಣನ ಬಾವಿಯ ಹಸಿರು ಕಲ್ಲು

ಅಣ್ಣನ ಮಗಳು ಕಡೂರಿನ ನಮ್ಮ ಮನೆಗೆ ಬಂದವಳೇ ಊಟದ ಮೇಜಿನ ಮೇಲೆ ಎರಡು ಪುಟ್ಟ ಸೀಸೆ ಇಟ್ಟಳು. ಎರಡರಲ್ಲೂ ಅಜ್ಜಂಪುರದ ಹತ್ತಿರದ ನನ್ನ ತವರಿನ ಬಾವಿಯ ಕಪ್ಪುಹಸಿರು ಕಲ್ಲಿನ ಪುಡಿ. ಒಂದು ಹಾಗೇ ಇತ್ತು. ಇನ್ನೊಂದು ರಂಗೋಲಿ ಹಿಟ್ಟು ಉದುರಿಸಿದಂತೆ ಬೆಳ್ಳಗಾಗಿತ್ತು.

"ನಮ್ ಲ್ಯಾಬಲ್ಲಿ ಎರಡನ್ನೂ ಉಕ್ಕಿನ ಪಾತ್ರೇಲಿ ಬಿಸಿ ಮಾಡಿ, ಕಾರ್ಬನ್ ಡೈಆಕ್ಸೈಡ್ ಒತ್ತಿ ತುಂಬಿದ್ವಿ ಅತ್ತೆ. ಒಣ ಪುಡಿ ಜಪ್ಪಯ್ಯ ಅನ್ಲಿಲ್ಲ. ಈ ಬೆಳ್ಳಗಿರೋದಕ್ಕೆ ಒಂದೆರಡು ತೊಟ್ಟು ನೀರು ಹಾಕಿದ್ವಿ, ಅಷ್ಟೆ. ಮೇಲೊಂಚೂರು ತೇವ ಇದ್ರೆ ಸಾಕು, ಕಲ್ಲು ಆ ಗಾಳೀನ ಹಿಡ್ಕೊಂಡು ಬೇರೆ ಕಲ್ಲೇ ಆಗ್ಬಿಡುತ್ತೆ."

ಅವಳ ಅಪ್ಪ ಸತ್ತದ್ದು ಆ ಗಾಳಿಯಿಂದಲೇ, ಅದೇ ಬಾವಿಯಲ್ಲಿ. ಅವಳಿಗಿನ್ನೂ ಹಲ್ಲು ಬಂದಿರಲಿಲ್ಲ.

ಆ ಬೇಸಿಗೆ ಬತ್ತಿದ ಬಾವಿಯ ಹೂಳು ತೆಗೆಯಲು ಅಣ್ಣ ಹೊರಟಿದ್ದ. ಅಜ್ಜಿ ನನ್ನ ಕೈಗೆ ಹಚ್ಚಿದ ಲಾಟೀನು ಕೊಟ್ಟು, "ಮೊದ್ಲು ಇದನ್ನ ಇಳಿಬಿಡ್ರಿ. ಆರೋಯ್ತು ಅಂದ್ರೆ ಒಳಗೆ ದೆವ್ವ ಐತೆ ಅಂತ" ಎಂದಿದ್ದರು. ಕಾನ್ವೆಂಟ್ ಹಾಸ್ಟೆಲಿನಿಂದ ರಜಕ್ಕೆ ಬಂದಿದ್ದ ನಾನು ನಕ್ಕೆ. "ದೆವ್ವ ಗಿವ್ವ ಎಲ್ಲಾ ಸುಳ್ಳು ಕಣೋ. ದೀಪ ಏನೂ ಬೇಡ."

"ನಮ್ ಮೇಡಮ್ಮೋರೇ ಹೇಳಿದ್ಮೇಲೆ ಮುಗೀತು" ಎಂದು ಅಣ್ಣನೂ ನಕ್ಕು, ಚಪ್ಪಲಿ ಜೋಡಿಸಿಟ್ಟು ಇಳಿದ. ಕೆಳಗಿನ ಮೆಟ್ಟಿಲಲ್ಲಿ ಅವನ ತಲೆ ನಿದ್ದೆ ಬಂದವನಂತೆ ಆ ಹಸಿರು ಕಲ್ಲಿಗೆ ವಾಲಿತು. ಬಿಸಿಲಿನಲ್ಲಿ ನನ್ನ ಕೈಯ ಲಾಟೀನು ಚೆನ್ನಾಗಿ ಉರಿಯುತ್ತಲೇ ಇತ್ತು. ಆ ಗಾಳಿಯಲ್ಲಿ ಮೇಣದಬತ್ತಿ ಆರುತ್ತದೆಂದು ಅದೇ ವರ್ಷ ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಸಮೇತ ಬರೆದಿದ್ದೆ.

ಹೆಣ ಮೇಲೆ ತಂದವರು, "ದೀಪ ಇಳಿಬಿಟ್ಟಿದ್ರೇನವ್ವಾ?" ಎಂದು ಕೇಳಿದರು.

"ಬಿಟ್ಟಿದ್ವಿ. ಆರ್ಲಿಲ್ಲ" ಎಂದೆ.

ಈಗ ಸೀಸೆ ನೋಡುತ್ತಾ ಕೇಳಿದೆ: "ಬಾವೀಲಿ ನೀರಿದ್ದಿದ್ರೆ ಈ ಕಲ್ಲು ಆ ಗಾಳೀನ ಹೀರ್ಕೊಳ್ತಿತ್ತೇನೇ?"

"ಇಲ್ಲ ಅತ್ತೆ. ಅಷ್ಟು ಒತ್ತಡ, ಅಷ್ಟು ಬಿಸಿ ಬಾವೀಲೆಲ್ಲಿ ಬರುತ್ತೆ?" ಅವಳು ಬಿಳಿ ಪುಡಿಯ ಸೀಸೆ ಕೈಗೆತ್ತಿಕೊಂಡಳು. "ಆದ್ರೆ ಆವತ್ತು ದೀಪ ಯಾಕೆ ಆರ್ಲಿಲ್ಲ, ಅದೊಂದೇ ನಂಗೆ ಇವತ್ತಿಗೂ ಅರ್ಥ ಆಗಿಲ್ಲ."

"ಇಳಿಬಿಟ್ಟೇ ಇರ್ಲಿಲ್ಲ" ಎಂದೆ. "ನಾನೇ ಬೇಡ ಅಂದಿದ್ದೆ."

ಅವಳು ಸೀಸೆಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಆಮೇಲೆ, "ದೀಪ ಉರೀತಿದ್ರೂ ಅಪ್ಪ ಹೋದ್ರಲ್ಲ, ದೆವ್ವಾನೇ ಹಿಡೀತು ಅಂತ ಅಮ್ಮ ಇನ್ನೂ ಆ ಬಾವಿ ಕಡೆ ತಲೆ ಹಾಕಲ್ಲ. ಅಮ್ಮಂಗೆ ನೀವೇ ಹೇಳ್ಬೇಕು" ಎಂದಳು.

ಅವಳ ಅಮ್ಮನ ಬಳಿಗೆ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಟೆವು. ನನ್ನ ಟಿಕೇಟನ್ನೂ ಅವಳೇ ತೆಗೆದುಕೊಂಡಳು. ಅಜ್ಜಂಪುರ ಬರುವವರೆಗೆ ನನ್ನ ಕಡೆ ತಿರುಗಲಿಲ್ಲ.