ಪಾರಸಿ ಮೇಷ್ಟರ ನಿಲುಗಡೆ

ಕಾಡಿಗೆ ಹಿಡಿಯುವುದು ನನಗೆ ತವರಿನಿಂದ ಬಂದ ಕೆಲಸ. ಹರಳೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಮಸಿ ಕಟ್ಟುವವರೆಗೆ ಕಾಯಬೇಕು. ಮದುವೆಯಾಗಿ ಯಾದವಗಿರಿಯ ಬಾಡಿಗೆ ಮನೆಗೆ ಬಂದ ಮೇಲೆ ಅದೇ ದೀಪದಲ್ಲಿ ಕಾಗದಕ್ಕೆ ಮಸಿ ಹಿಡಿಯುವ ಕೆಲಸವೂ ಸೇರಿಕೊಂಡಿತು. ನಮ್ಮ ಯಜಮಾನರಿಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ಅವರು ಮನೆಯಲ್ಲೇ ಕಟ್ಟಿದ ಒಂದು ಯಂತ್ರಕ್ಕೆ ಆ ಕಾಗದ ಬೇಕಾಗಿತ್ತು.

ಯಂತ್ರ ಅಂದರೆ ದೊಡ್ಡದೇನಲ್ಲ. ಸೈಕಲ್ ಟ್ಯೂಬಿನ ಒಂದು ಪಟ್ಟಿ, ಅದನ್ನು ಎದೆಗೆ ಸುತ್ತುವುದು. ಎದೆ ಉಬ್ಬಿದಾಗ ಟ್ಯೂಬಿನೊಳಗಿನ ಗಾಳಿ ಸಣ್ಣ ಕೊಳವೆಯಲ್ಲಿ ಹಾದು ಒಂದು ಕಡ್ಡಿಯನ್ನು ಎತ್ತುತ್ತದೆ. ಹಳೇ ಗ್ರಾಮಫೋನಿನ ಕೀಲಿಯಿಂದ ಒಂದು ಡಬ್ಬ ಮೆಲ್ಲಗೆ ತಿರುಗುತ್ತಿರುತ್ತದೆ. ಅದಕ್ಕೆ ಸುತ್ತಿದ ಕರಿ ಕಾಗದವನ್ನು ಕಡ್ಡಿಯ ತುದಿ ಕೆರೆದಂತೆ ಬಿಳಿ ಗೆರೆ ಮೂಡುತ್ತದೆ. ಉಸಿರು ಒಳಗೆ ಹೋದರೆ ಗೆರೆ ಮೇಲೆ, ಹೊರಗೆ ಬಂದರೆ ಕೆಳಗೆ. ಆಮೇಲೆ ಕಾಗದವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನಲ್ಲಿ ಅದ್ದಿ ಒಣಗಿಸಿದರೆ ಗೆರೆ ಅಳಿಸುವುದಿಲ್ಲ. ಒಣಹಾಕುತ್ತಿದ್ದದ್ದು ನಡುಮನೆಯ ಹಗ್ಗದ ಮೇಲೆ. ಮಳೆಗಾಲದಲ್ಲಿ ನನ್ನ ಸೀರೆ, ಅವರ ಪಂಚೆ, ನಡುವೆ ಪಾರಸಿ ಮೇಷ್ಟರ ಉಸಿರು, ಎಲ್ಲ ಒಂದೇ ಸಾಲಿನಲ್ಲಿ ತೂಗಾಡುತ್ತಿದ್ದವು.

ಪಾರಸಿ ಮೇಷ್ಟರನ್ನು ಕರೆತಂದವರು ಡಾಕ್ಟರು. ಕುಂಬಾರಕೊಪ್ಪಲಿನವರು, ನಮ್ಮವರ ಹಾಸ್ಟೆಲಿನ ಗೆಳೆಯರು, ಕ್ಷಯದ ಆಸ್ಪತ್ರೆಯಲ್ಲಿ ಕೆಲಸ. ಮೇಷ್ಟರು ಹುಡುಗರಿಗೆ ಪಾರಸಿ ಭಾಷೆ ಕಲಿಸುವವರು, ಡಾಕ್ಟರ ಹಳೇ ರೋಗಿ. ಒಂದು ಕಡೆಯ ಶ್ವಾಸಕೋಶ ಮಾಗಿ ಗಂಟಾಗಿಹೋಗಿತ್ತು. ಆದರೂ ದೇವರಾಜ ಮೊಹಲ್ಲಾದ ಮನೆಯಲ್ಲಿ ಕೂತು, ಸೂಫಿಗಳ ಪಾರಸಿ ಕಾವ್ಯವನ್ನು ಉದ್ದುದ್ದ ಸಾಲಾಗಿ ತಡೆಯಿಲ್ಲದೆ ಹೇಳುತ್ತಿದ್ದರು.

"ಅರ್ಧ ಎದೇಲಿ ಇದೆಂಗೆ ಸಾಧ್ಯ ಕಣೋ? ನಮ್ ವಾರ್ಡಿನೋರ್ಗೆ ಅಂಗೇ ಉಸ್ರಾಡೋದು ಕಲಿಸ್ಬೋದಾ, ಇಲ್ಲ ಇವ್ರೇ ಎದೆ ಹರ್ಕೊತಾ ಅವ್ರಾ? ನೀನು ಗೆರೆ ಎಳ್ದು ತೋರ್ಸು," ಎಂದರು ಡಾಕ್ಟರು. ಅಲ್ಲಿಂದ ಇಬ್ಬರೂ ಸೇರಿ ಒಂದು ಸಂಶೋಧನಾ ಲೇಖನ ಬರೆಯುವುದೆಂದು ಹೊರಟರು.

ಮೇಷ್ಟರಿಗೆ ಬೇಕಾಗಿದ್ದೇ ಬೇರೆ. ಮೊದಲ ದಿನ ನಾನು ಕಾಫಿ ಇಟ್ಟು, ಆ ಪದ್ಯದ ಅರ್ಥವೇನು ಎಂದು ಕೇಳಿದೆ. ಅವರು ನಕ್ಕರು.

"ಅರ್ಥ ಪುಸ್ತಕದಲ್ಲಿದೆ ಅಮ್ಮಾ, ಯಾರು ಬೇಕಾದ್ರೂ ಓದ್ಕೋಬಹುದು. ಸಾಲು ಮುಗಿದ ಮೇಲೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಅದು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಉಸ್ತಾದರ ಎದೆಯಿಂದ ನನ್ನ ಎದೆಗೆ ಬಂತು. ಈಗ ಹುಡುಗರು ಮಾರ್ಕಿಗೆ ಓದ್ತಾರೆ, ಹೋಗ್ತಾರೆ. ನನ್ನಿಂದ ಮುಂದಕ್ಕೆ ಎದೆ ಇಲ್ಲ."

ಕಾಗದದ ಮೇಲಾದರೂ ಉಳಿಯಲಿ ಎಂದು ಅವರು ಪಟ್ಟಿ ಕಟ್ಟಿಸಿಕೊಂಡರು.

ಊಟದ ಹೊತ್ತು ಕಳೆದ ಮೇಲೆ ಮೇಷ್ಟರ ಜಟಕಾ ಬರುತ್ತಿತ್ತು. ಮುಂದಿನ ಕೋಣೆಯಲ್ಲಿ ಯಂತ್ರ. ನಾನು ಈಚೆ, ಕಿಟಕಿಯ ಬೆಳಕಿಗೆ ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. ದನಿ ಏರಿ, ಉದ್ದಕ್ಕೆ ಹರಿದು, ಮುಗಿಯುವುದು. ಆಮೇಲೆ ಏನೂ ಇಲ್ಲ. ನಾವು ಉಸಿರು ಬಿಗಿಹಿಡಿದರೆ ಮುಖ ಬಿಗಿಯುತ್ತದೆ, ಭುಜ ಏರುತ್ತದೆ. ಬಾಗಿಲಿನಿಂದ ನೋಡಿದರೆ ಅವರ ಮುಖದಲ್ಲಿ ಅಂಥದೇನೂ ಕಾಣುತ್ತಿರಲಿಲ್ಲ. ಉಸಿರಿನ ಅಗತ್ಯವೇ ಇಲ್ಲದವರ ಹಾಗೆ ಕೂತಿರುತ್ತಿದ್ದರು. ಸಾಮಾನ್ಯವಾಗಿ ಉಸಿರು ನಿಲ್ಲಿಸಿದರೂ ಗುಂಡಿಗೆಯ ಬಡಿತಕ್ಕೆ ಕಡ್ಡಿ ಸಣ್ಣಗೆ ನಡುಗುತ್ತದಂತೆ. ಮೇಷ್ಟರು ನಿಂತ ಜಾಗದಲ್ಲಿ ಅದೂ ಇಲ್ಲದೆ ಗೆರೆ ನೇರವಾಗಿರುತ್ತಿತ್ತು. ನಮ್ಮವರು ಕೊಳವೆ ಬಿಚ್ಚಿ ಊದಿದರು, ಪಟ್ಟಿ ಬದಲಾಯಿಸಿದರು, ತಮ್ಮ ಎದೆಗೇ ಕಟ್ಟಿಕೊಂಡು ನೋಡಿದರು. ಯಂತ್ರ ಸರಿಯಾಗಿತ್ತು.

ಡಾಕ್ಟರು ಒಂದು ಕಾಗದವನ್ನು ಬೆಳಕಿಗೆ ಹಿಡಿದು, "ಹೆಣಕ್ಕೆ ಪಟ್ಟಿ ಕಟ್ದಂಗದೆ ಬುಡು," ಎಂದು ನಕ್ಕರು.

ನನಗೆ ಯಾವ ಸಾಲೂ ಬಾಯಿಗೆ ಬಂದದ್ದಿಲ್ಲ. ಆದರೆ ಆ ಖಾಲಿಯಲ್ಲಿ ಮೊರದ ಮೇಲಿನ ನನ್ನ ಕೈಯೂ ನಿಂತಿರುತ್ತಿತ್ತು. ಒಳಗಿನಿಂದ ದನಿ ಮತ್ತೆ ಎದ್ದ ಮೇಲೆ ಕೈ ಆಡುತ್ತಿತ್ತು. ಅದು ನನ್ನ ಗಮನಕ್ಕೆ ಬರಲು ಬಹಳ ದಿನ ಹಿಡಿಯಿತು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಮೇಷ್ಟರಿಗೆ ಕೆಮ್ಮು ಮರಳಿತು. ಈ ಸಲ ರೋಗ ಗಂಟಲಿಗೆ ಏರಿತ್ತು. ಡಾಕ್ಟರು ಆಸ್ಪತ್ರೆಗೆ ಸೇರಿಸಿಕೊಂಡು ಮೌನ ವಿಧಿಸಿದರು. ಪಿಸುಮಾತೂ ಕೂಡದು.

"ಇನ್ ಮಾತಾಡಿದ್ರೆ ಗಂಟ್ಲೇ ಹೋಯ್ತದೆ ಅಂದೆ. ತಲೆ ಅಲ್ಲಾಡ್ಸುದ್ರು. ಕಣ್ಣು ಮಾತ್ರ ನೋಡಕ್ಕಾಗ್ಲಿಲ್ಲ ಅತ್ತಿಗಮ್ಮ," ಎಂದು ನನ್ನೆದುರು ಹೇಳಿಕೊಂಡರು.

ಅರಗಿನ ವಾಸನೆಯ ಕಾಗದಗಳು ಕಪಾಟಿನಲ್ಲಿ ಉಳಿದವು. ಮೇಷ್ಟರು ಅವನ್ನೊಮ್ಮೆ ತರಿಸಿ ನೋಡಿದ್ದರಂತೆ. ಬೆರಳಿನಿಂದ ಆ ನೇರ ಗೆರೆಯನ್ನು ಸವರಿ, ಇದಲ್ಲ ಎನ್ನುವ ಹಾಗೆ ಪಕ್ಕಕ್ಕಿಟ್ಟರಂತೆ.

ಲೇಖನ ಮುಗಿಸಲು ಹೋಲಿಕೆಗೆ ಒಂದು ಆರೋಗ್ಯವಂತ ಎದೆ ಬೇಕಿತ್ತು. ಒಂದು ಮಧ್ಯಾಹ್ನ ನಮ್ಮವರು ಪಟ್ಟಿ ಹಿಡಿದು ನಾನು ಕೂತಲ್ಲಿಗೇ ಬಂದರು.

"ನೀನು ಅಕ್ಕಿ ಆರಿಸ್ಕೊಂಡೇ ಇರು. ಏನೂ ಮಾಡ್ಬೇಡ."

"ಏನೂ ಮಾಡದೇ ಇರೋಕೆ ಈ ಮನೇಲಿ ಮೊದಲನೇ ಸಲ ಹೇಳ್ತಿದ್ದೀರಿ," ಎಂದೆ. ಸೆರಗಿನ ಮೇಲೇ ಪಟ್ಟಿ ಸುತ್ತಿದರು. ಡಬ್ಬ ತಿರುಗತೊಡಗಿತು. ನಾನು ಕಲ್ಲು, ನೆಲ್ಲು ಹೆಕ್ಕುತ್ತ ಸಂಜೆಯ ತರಕಾರಿಯ ಯೋಚನೆಯಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಅವರ ದನಿ ಬಂತು.

"ಆಟ ಆಡ್ಬೇಡ ಕಣೇ."

"ಯಾವ ಆಟಾರೀ?"

ಅವರು ಹೊಸ ಕಾಗದ ಹಾಕಿದರು. ಅದಾದ ಮೇಲೆ ಇನ್ನೊಂದು. ನಾನು ಎದ್ದು ಹೋಗಿ ನೋಡಿದೆ. ನನ್ನ ಮಸಿಯ ಮೇಲೆ ನನ್ನ ಉಸಿರು: ಗಕ್ಕನೆ ಮೇಲೇರಿ, ಉದ್ದಕ್ಕೆ ಇಳಿದು, ಆಮೇಲೆ ದಾರ ಎಳೆದು ಹಿಡಿದ ಹಾಗೆ ನೇರ. ಒಂದಿಷ್ಟೂ ನಡುಕವಿಲ್ಲ.

ಆ ದಿನವೇ ಡಾಕ್ಟರು ಬಂದರು. ಅವರಿಗೆ ಬೇರೆಯದೇ ಭಯ. ಮೇಷ್ಟರು ಕೂತು ಹೋದ ಮನೆ. ಎದೆಯಿಂದ ಎದೆಗೆ ಹರಡುವ ರೋಗ. ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಮಾರನೆಯ ದಿನ ಎಕ್ಸ್‌ರೇ ತೆಗೆಸಿದರು. ಎದೆ ಶುದ್ಧವಾಗಿತ್ತು. ನನ್ನ ಕಾಗದ, ಮೇಷ್ಟರ ಕಾಗದ ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿ, ಪಕ್ಕಪಕ್ಕ ಸರಿಸುತ್ತ ಹೋದರು. ಒಂದು ಕಡೆ ಬಂದು ಕೈ ನಿಂತಿತು. ಅಲ್ಲಿಂದ ಮುಂದಕ್ಕೆ ಎರಡು ಗೆರೆಯೂ ಒಂದೇ ಆಗಿದ್ದವು.

"ನೀವೂ ಬನ್ನಿ ಅತ್ತಿಗಮ್ಮ, ಅವ್ರಿಗೆ ತೋರಿಸ್ಬುಡಾಣ," ಎಂದರು. ಈಗ ಅವರ ಬಾಯಲ್ಲಿ ತಮಾಷೆಯಿರಲಿಲ್ಲ.

ಆಸ್ಪತ್ರೆಯ ಉದ್ದನೆ ಜಗಲಿಯಲ್ಲಿ, ಗಾಳಿಗೆ ಮುಖ ಮಾಡಿ ಮಂಚ ಹಾಕಿದ್ದರು. ಮೇಷ್ಟರು ಬಹಳ ಇಳಿದುಹೋಗಿದ್ದರು. ಡಾಕ್ಟರು ಕಾಗದ ಚಾಚಿದರೆ ಅದರತ್ತ ನೋಡಲೂ ಇಲ್ಲ, ನನ್ನನ್ನು ನೋಡಿದರು. ಸ್ಟೂಲಿನ ಮೇಲೆ ಕೂರುವಂತೆ ಕೈ ತೋರಿಸಿದರು. ನಾನು ಕೂತೆ. ಏನು ಮಾಡಬೇಕೋ ತಿಳಿಯದೆ ಬೇಲಿಯಾಚೆ ಮೇಯುತ್ತಿದ್ದ ಆಡುಗಳನ್ನು ನೋಡುತ್ತಿದ್ದೆ.

ಕಣ್ಣಂಚಿನಲ್ಲಿ ಅವರ ಬೆರಳು ಎದ್ದಿತು. ಅದು ಎದ್ದಾಗಲೇ ನಾನು ಉಸಿರಾಡುತ್ತಿಲ್ಲವೆಂದು ನನಗೆ ಗೊತ್ತಾದದ್ದು. ಬೆರಳು ಇಳಿಯಿತು, ಉಸಿರು ಬಂತು. ಮತ್ತೆ ಎದ್ದಿತು. ನನ್ನ ತಲೆಯಲ್ಲಿ ಪದ್ಯವಿಲ್ಲ, ಪದವಿಲ್ಲ. ನಾನು ಯಾವ ಸಾಲಿನಲ್ಲಿದ್ದೇನೆಂದು ಅವರಿಗೆ ತಿಳಿದಿತ್ತು. ಒಂದು ಕಡೆ ಅವರು ತಲೆಯಾಡಿಸಿದರು. ಅಲ್ಲ. ಮಂಚದ ಕಬ್ಬಿಣವನ್ನು ಉಂಗುರದಿಂದ ತಟ್ಟಿದರು. ಇನ್ನೊಮ್ಮೆ. ನಾನು ಬೇಗ ಉಸಿರೆಳೆದುಕೊಂಡುಬಿಟ್ಟಿದ್ದೆ. ಮುಂದಿನ ಸಲ ಬೆರಳು ಎದ್ದೇ ಇತ್ತು. ಆಡುಗಳು, ಬೇಲಿ, ಜಗಲಿಯ ಕೆಮ್ಮುಗಳು ಎಲ್ಲ ಎಲ್ಲೋ ದೂರ ಸರಿದವು. ನನ್ನ ಎದೆಯೊಳಗೆ ಯಾರೋ ಮುದುಕರು, ಮೇಷ್ಟರಿಗಿಂತಲೂ ಹಳಬರು, ಸುಮ್ಮನೆ ಕೂತಿದ್ದ ಹಾಗಿತ್ತು. ಹೆದರಿಕೆ ಆಮೇಲೆ ಬಂತು, ಜಟಕಾ ಹತ್ತಿದ ಮೇಲೆ.

ಬೆರಳು ಇಳಿದಾಗ ಮೇಷ್ಟರ ಮುಖ ಸಡಿಲಿತ್ತು. ನನ್ನತ್ತ ಕೈಯೆತ್ತಿ ಆದಾಬ್ ಮಾಡಿದರು, ಗೋಡೆಯ ಕಡೆ ಹೊರಳಿ ನಿದ್ದೆಹೋದರು. ಚಳಿಗಾಲ ದಾಟಲಿಲ್ಲ.

ಲೇಖನಕ್ಕೆ ನನ್ನ ಗೆರೆ ಹಾಕಲಿಲ್ಲ. ಕಾಲೇಜಿನ ಜವಾನನ ಎದೆಗೆ ಪಟ್ಟಿ ಕಟ್ಟಿ ಮುಗಿಸಿದರು. ಪಟ್ಟಿಯನ್ನು ನಡುಮನೆಯ ಮೊಳೆಗೆ ತೂಗುಹಾಕಿದರು.

ಆಮೇಲೆ ನಮಗೆ ಮಗಳು ಹುಟ್ಟಿದಳು. ಅವಳನ್ನು ಎದೆಯ ಮೇಲೆ ಮಲಗಿಸಿಕೊಂಡೇ ನಾನು ಮಧ್ಯಾಹ್ನ ಒರಗುತ್ತಿದ್ದದ್ದು. ನಡೆಯಲು ಕಲಿತ ಮೇಲೆ ಅವಳು ಚಾಪೆಯ ಮೇಲೆ ಒಬ್ಬಳೇ ಮಲಗಿದ್ದ ಒಂದು ದಿನ, ನಮ್ಮವರು ಓದುತ್ತಿದ್ದ ಪುಸ್ತಕ ಕೆಳಗಿಟ್ಟು ಅವಳ ಹತ್ತಿರ ಬಾಗಿದರು. ಮಗುವಿನ ಪುಟ್ಟ ಎದೆ ಗಕ್ಕನೆ ಏರಿತು, ಉದ್ದಕ್ಕೆ ಇಳಿಯಿತು. ನಿಂತಿತು.

ನಾವಿಬ್ಬರೂ ನೋಡುತ್ತ ನಿಂತೆವು. ಎದೆ ಮತ್ತೆ ಏರಿತು.

ಅವರ ಕೈ ಪಟ್ಟಿ ತೂಗುತ್ತಿದ್ದ ಮೊಳೆಯ ಕಡೆ ಹೋಯಿತು.

"ಬೇಡಾರೀ," ಎಂದೆ. "ಎದ್ಬಿಡ್ತಾಳೆ."