ಪಂಪ್‌ಸೆಟ್ಟಿನ ಫೋನು

ದೊಡವಾಡದ ಬಸ್‌ಸ್ಟ್ಯಾಂಡಿನಲ್ಲಿ ಧಾರವಾಡದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹಿರಿಯ ರೈತರ ಮೊಬೈಲು ಹೊಡೆದುಕೊಂಡಿತು. "ಕರೆಂಟ್ ಬಂದಿದೆ. ಮೋಟಾರ್ ಚಾಲೂ ಮಾಡಲು ಒಂದನ್ನು ಒತ್ತಿ," ಎಂದಿತು ಹೆಣ್ಣುದನಿ. ಫೋನು ಮಾಡಿದ್ದು ಅವರ ಹೊಲದ ಪಂಪ್‌ಸೆಟ್ಟು!

ಅವರು ಒಂದನ್ನು ಒತ್ತಿ, "ಚಲೋ ಆತವಾ. ಉಂಡಿಯೇನು?" ಎಂದು ಕೇಳಿದರು.

ನನಗೆ ನಗು ತಡೆಯಲಾಗಲಿಲ್ಲ. "ಯಜಮಾನ್ರ, ಅದು ಮಷೀನು. ಉಣ್ಣೂದಿಲ್ರಿ."

"ಗೊತ್ತೈತ್ರಿ. ಮೊದಲೆಲ್ಲಾ ಕರೆಂಟಿನ ದಾರಿ ಕಾಯ್ಕೋತ ದಿನಾ ಹೊಲದಾಗ ಕುಂದರತಿದ್ದೆ. ಮಗಳ ಮನಿಗೆ ಹೋಗಾಕೂ ಆಗತಿದ್ದಿಲ್ಲ. ಈಗ ನಾ ಅಲ್ಲಿ ಹೋಳಿಗಿ ಉಣ್ಣಾಕ ಹೊಂಟೇನಿ, ಈಕಿ ಇಲ್ಲಿ ನೀರ ಹಾಯಸಾಕ ಹತ್ಯಾಳ. ಉಂಡಿಯೇನಂತ ಒಂದ ಮಾತ ಕೇಳದ ಹೆಂಗ ಹೋಗೂದ್ರಿ?"