ತಿರುಪ್ಪೂರಿನ ದೊಡ್ಡ ಹೊಲಿಗೆ ಯಂತ್ರ

ಚಾಮರಾಜನಗರದಿಂದ ಬೆಳಗಿನ ಬಸ್ಸು ಹಿಡಿದು, ದಿಂಬಂ ಘಾಟಿಯಿಳಿದು ಕೊಯಮತ್ತೂರು ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ದಿನಬಳಕೆಯ ವಸ್ತುಗಳನ್ನು ಮನೆಯೆತ್ತರಕ್ಕೆ ಮಾಡಿ ರಸ್ತೆಗಳಲ್ಲಿ ನಿಲ್ಲಿಸುತ್ತಿದ್ದಾರೆಂದು ಕೇಳಿ, ನೋಡಲೆಂದೇ ಹೊರಟಿದ್ದೆ. ಅಲ್ಲಿಯ ಪೀಳಮೇಡು ಬಡಾವಣೆಯ ಒಂದು ಕಾಲೇಜಿನೆದುರು ಕಬ್ಬಿಣದ ಭಾರಿ ಪೆನ್ನು ನಿಂತಿತ್ತು. ಫೋಟೋಗೆಂದು ಫೋನೆತ್ತುತ್ತಲೇ ಕಾವಲುಗಾರ ಬಂದು ಯಾರು, ಏತಕ್ಕೆ ಎಂದು ತಮಿಳಿನಲ್ಲಿ ವಿಚಾರಿಸಿದ. ಸುಮ್ಮನೆ ನೋಡಲು ಬಂದೆನೆಂದರೆ ನಂಬಲಿಲ್ಲ.

ಅವಿನಾಶಿ ದಾಟಿ ತಿರುಪ್ಪೂರಿಗೆ ಬಂದೆ. ವೃತ್ತದ ನಡುವೆ ಬೇಲಿಯೊಳಗೆ ಹೊಲಿಗೆ ಯಂತ್ರ ನಿಂತಿತ್ತು. ಅದರ ಚಕ್ರವೇ ಆಳೆತ್ತರ. ಸುತ್ತಲಿನ ಹುಲ್ಲು ಒಣಗಿತ್ತು. ಚರಂಡಿಯಾಚೆ ಗಂಡಹೆಂಡತಿಯರಿಬ್ಬರು ತಳ್ಳುಗಾಡಿಯಲ್ಲಿ ಸಜ್ಜೆ ಅಂಬಲಿ ಮಾರುತ್ತಿದ್ದರು. ಮಜ್ಜಿಗೆ ಮೆಣಸಿನಕಾಯಿ ಕಡಿಯುತ್ತ ಒಂದು ಲೋಟ ಕುಡಿದು, ಫೋಟೋ ತೆಗೆಯತೊಡಗಿದೆ.

ಹೆಂಡತಿ ದನಿ ತಗ್ಗಿಸಿ, ನನಗೆ ತಿಳಿಯದೆಂದುಕೊಂಡು ಗಂಡನಿಗೆ ಕನ್ನಡದಲ್ಲಿ ಹೇಳಿದಳು: “ಇವಳೂ ಕಾರ್ಪೊರೇಶನ್ ಆಫೀಸಿಂದ ಬಂದವಳೇ. ಮೊದಲು ಫೋಟೋ, ಆಮೇಲೆ ಗಾಡಿ ಎತ್ತು ಅಂತಾರೆ.”

“ಇಲ್ಲ ಅಕ್ಕ, ನಾನು ಚಾಮರಾಜನಗರದವಳು,” ಎಂದೆ ಕನ್ನಡದಲ್ಲೇ. ಅವಳ ಮುಖ ಅರಳುತ್ತದೆಂದುಕೊಂಡಿದ್ದೆ. ಇನ್ನಷ್ಟು ಬಿಗಿಯಾಯಿತು.

“ಕನ್ನಡ ಬರೋರನ್ನೇ ಹುಡ್ಕಿ ಕಳ್ಸಿದಾರೆ ನೋಡಿ,” ಎಂದಳು ಗಂಡನಿಗೆ.

ಗಂಡ ರಂಗಣ್ಣ ಮೆತ್ತನೆಯ ಮನುಷ್ಯ. ಹಿಂದೆಂದೋ ಕನ್ನಡ ಸೀಮೆಯಿಂದ ಬಂದು ಇಲ್ಲಿ ನೆಲೆಸಿದ ನೇಕಾರರ ಮನೆತನ; ತಲೆತಲಾಂತರದ ನೇಯ್ಗೆ ನಿಂತ ಮೇಲೆ ಅವರು ಈ ಗಾಡಿ ಹಾಕಿಕೊಂಡಿದ್ದರಂತೆ. ವೃತ್ತದ ನಡುವೆ ಆಗ ಬೇವಿನ ಮರವಿತ್ತು, ಅದರಡಿಯೇ ವ್ಯಾಪಾರ. ಯಾರೋ ಬಂದು ಅಂಬಲಿ ಕುಡಿದು, ಹೊಗಳಿ, ಫೋಟೋ ತೆಗೆದುಕೊಂಡು ಹೋದರು. ಸ್ವಲ್ಪ ದಿನಕ್ಕೆ ಮರ ಹೋಯಿತು, ಯಂತ್ರ ಬಂತು. ಈಗ ಚರಂಡಿಯ ಈಚೆಗೂ, ಗಾಡಿ ನಿಂತಲ್ಲೇ, ಒಂದು ದೊಡ್ಡ ಗುಂಡಿ ಬರುತ್ತದೆಂಬ ಸುದ್ದಿಯಿದೆ. ಹಳ್ಳವಲ್ಲ, ಅಂಗಿಯ ಗುಂಡಿ ಎಂದು ತನ್ನ ಅಂಗಿ ಮುಟ್ಟಿ ತೋರಿಸಿದ.

ಅವರೆದುರೇ ಫೋಟೋಗಳನ್ನೆಲ್ಲ ಅಳಿಸಿದೆ. ಅವಳು ಗಂಡನ ಕೈಗೆ ನನ್ನ ಫೋನು ಕೊಡಿಸಿ ನೋಡಿಸಿದಳು. ಕೊನೆಗೆ ಸೆರಗು ಸರಿಪಡಿಸಿಕೊಂಡು ಗಾಡಿಯ ಪಕ್ಕ ಬಂದು ನಿಂತಳು.

“ಈಗ ಒಂದು ತೆಗಿ. ಗಾಡಿ ನಲ್ಲಾ, ಚೆನ್ನಾಗಿ ಕಾಣ್ಬೇಕು. ನಾಳೆ ಇಲ್ಲಿ ಯಾರೂ ಇರ್ಲಿಲ್ಲ ಅಂದ್ರೆ ತೋರ್ಸೋಕೆ.”

ಚಿತ್ರದ ತುಂಬ ಗಾಡಿ ಮತ್ತು ಅವಳು. ಯಂತ್ರದ್ದು ಹೆಗಲ ಹಿಂದೆ ಚಕ್ರದಂಚು ಮಾತ್ರ. ರಂಗಣ್ಣನ ಫೋನಿಗೆ ಕಳಿಸಿದೆ.

ಕೊಯಮತ್ತೂರಿನ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಡುವಾಗ ಅವಳು ಕೂಗಿದಳು: “ನಿಂದೂ ಒಂದು ಇರ್ಲಿ. ಬಂದೋರು ಯಾರು ಅಂತ ಗೊತ್ತಿರ್ಬೇಕಲ್ಲ.” ರಂಗಣ್ಣ ಸಂಕೋಚದಿಂದ ಫೋನೆತ್ತಿದ. ಕಂಡಕ್ಟರು ಸೀಟಿ ಊದುತ್ತಿದ್ದ. ಬಿಸಿಲಿಗೆ ಸುತ್ತಿಕೊಂಡಿದ್ದ ದುಪಟ್ಟಾವನ್ನು ಮುಖದಿಂದ ಸರಿಸಿ, ಅವನು ಫೋನು ಇಳಿಸುವವರೆಗೂ ಅತ್ತಲೇ ತಿರುಗಿ ನಿಂತೆ.